ಮೊದಲ ಆರು ವಾರಗಳ ವೇಳಾಪಟ್ಟಿಯನ್ನು ಓದುವ ಬಗೆ

ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ವೇಳಾಪಟ್ಟಿ ಜೂನ್ ತಿಂಗಳಲ್ಲಿ ಪ್ರಕಟವಾದ ದಿನವೇ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಅದರ ಬಣ್ಣದ ಕೋಷ್ಟಕವೊಂದು ಬಂದು ಬೀಳುತ್ತದೆ. ಹಸಿರು ಮನೆಯಲ್ಲಿ ಸುಲಭದ ಎದುರಾಳಿ, ಕೆಂಪು ಮನೆಯಲ್ಲಿ ಕಠಿಣ ಎದುರಾಳಿ. ಆಗಸ್ಟ್‌ನಲ್ಲಿ ಫ್ಯಾಂಟಸಿ ಡ್ರಾಫ್ಟ್‌ಗೆ, ಅಂದರೆ ನಿಜವಾದ ಆಟಗಾರರನ್ನು ಸರದಿಯಂತೆ ಆಯ್ದು ಕಾಲ್ಪನಿಕ ತಂಡ ಕಟ್ಟಿ ಅವರ ಆಟಕ್ಕೆ ತಕ್ಕ ಅಂಕ ಗಳಿಸುವ ಆಟಕ್ಕೆ ಕೂತಾಗ ನಮ್ಮ ಎಂಟು ಮಂದಿಯಲ್ಲಿ ಹೆಚ್ಚಿನವರ ಕಣ್ಣು ಆಟಗಾರರ ಪಟ್ಟಿಗಿಂತ ಈ ಕೋಷ್ಟಕದ ಮೇಲೆಯೇ ನೆಟ್ಟಿರುತ್ತದೆ. ನಾನೂ ಹಲವು ವರ್ಷ ಹಾಗೆಯೇ ಆಡಿದೆ, ಹಾಗೆಯೇ ಸೋತೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಆರಂಭದ ವೇಳಾಪಟ್ಟಿಯಿಂದ ಯಾರನ್ನು ಆಯಬೇಕೆಂಬುದು ಅಷ್ಟಾಗಿ ತಿಳಿಯುವುದಿಲ್ಲ. ಯಾರನ್ನು ಯಾವ ವಾರ ಕೇಳಬೇಕು, ಯಾರನ್ನು ಯಾವ ವಾರ ಬಿಟ್ಟುಕೊಡಬೇಕು ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಡ್ರಾಫ್ಟ್ ಆಡದವರಿಗಾಗಿ ಒಂದು ಮಾತು. ಬಹುಪಾಲು ಜನ ಆಡುವ ಸಾಮಾನ್ಯ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ 100 ಮಿಲಿಯನ್ ಪೌಂಡ್‌ಗಳ ಕಾಲ್ಪನಿಕ ಹಣದಲ್ಲಿ 15 ಆಟಗಾರರನ್ನು ಕೊಳ್ಳುತ್ತೇವೆ, ಮತ್ತು ಹಾಲಂಡ್‌ನಂಥ ಒಬ್ಬನೇ ಸ್ಟ್ರೈಕರ್ ಎಲ್ಲರ ತಂಡದಲ್ಲಿಯೂ ಇರಬಹುದು. ವಾರಕ್ಕೊಂದು ಉಚಿತ ಬದಲಾವಣೆ ಸಿಗುತ್ತದೆ. 2024-25ರಿಂದ ಅಂಥ ಐದು ಬದಲಾವಣೆಗಳನ್ನು ಕೂಡಿಡಬಹುದು. ಇಡೀ ತಂಡವನ್ನೇ ಕಳಚಿ ಕಟ್ಟಲು ವೈಲ್ಡ್‌ಕಾರ್ಡ್ ಇದೆ. ಅಲ್ಲಿ ಹಸಿರು ಮನೆಗಳ ಬೆನ್ನು ಹತ್ತುವುದು ತಪ್ಪಲ್ಲ, ಏಕೆಂದರೆ ಹಸಿರು ಮುಗಿದ ವಾರ ಆಟಗಾರನನ್ನು ಮಾರಿ ಮತ್ತೊಬ್ಬನನ್ನು ತರಬಹುದು. 2017-18ರಲ್ಲಿ ಶುರುವಾದ ಡ್ರಾಫ್ಟ್ ಆಟದ ನಿಯಮವೇ ಬೇರೆ. ಇಲ್ಲಿ ಹಣವಿಲ್ಲ, ನಾಯಕನಿಗೆ ಇಮ್ಮಡಿ ಅಂಕವಿಲ್ಲ, ಒಬ್ಬ ಆಟಗಾರ ಲೀಗಿನಲ್ಲಿ ಒಬ್ಬನ ಸ್ವತ್ತು ಮಾತ್ರ. ಎಂಟು ಮಂದಿಯ ಲೀಗಿನಲ್ಲಿ ಸರದಿ ಹಾವಿನಂತೆ ಹೋಗಿ ಹಿಂದಿರುಗುವುದರಿಂದ ಮೊದಲ ಆಯ್ಕೆ ಪಡೆದವನ ಎರಡನೆಯ ಸರದಿ ಬರುವುದು 16ನೆಯ ಆಯ್ಕೆಗೆ, ಮೂರನೆಯದು ಅದರ ಬೆನ್ನಿಗೇ 17ಕ್ಕೆ. ಆ ನಡುವೆ ಕೈಬಿಟ್ಟವನು ಮತ್ತೊಬ್ಬನ ಪಾಲಾದರೆ ಅವನನ್ನು ಪಡೆಯಲು ಉಳಿಯುವುದು ಟ್ರೇಡ್ (ಆಟಗಾರರ ಅದಲುಬದಲು) ಒಂದೇ, ಅದಕ್ಕೆ ಎದುರಿನವನ ಒಪ್ಪಿಗೆ ಬೇಕು. ಸಾಮಾನ್ಯ ಆಟದ ಅಭ್ಯಾಸವನ್ನು ಡ್ರಾಫ್ಟ್‌ಗೆ ಹೊತ್ತು ತರುವವನು ಮೂರು ಹಸಿರು ಮನೆಗಳಿಗಾಗಿ 38 ವಾರಗಳ ಆಟಗಾರನನ್ನು ಕಳೆದುಕೊಳ್ಳುತ್ತಾನೆ.

ನಾನು ಕಳೆದುಕೊಂಡದ್ದು 2022ರಲ್ಲಿ. ಲಿವರ್‌ಪೂಲ್‌ಗೆ ಮೊದಲ ಎರಡು ಪಂದ್ಯ ಆಗಷ್ಟೇ ಕೆಳಗಿನ ಲೀಗಿನಿಂದ ಬಡ್ತಿ ಪಡೆದು ಬಂದಿದ್ದ ಫುಲಮ್ ಮತ್ತು ತವರಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಇದ್ದವು. ಇನ್ನೇನು ಬೇಕು ಎಂದುಕೊಂಡು ಅದರ ಡಿಫೆಂಡರ್ ಅಲೆಕ್ಸಾಂಡರ್-ಆರ್ನಲ್ಡ್‌ನನ್ನು ಮೊದಲ ಸುತ್ತಿನಲ್ಲಿಯೇ ತೆಗೆದುಕೊಂಡೆ. ಅದೇ ಕೋಷ್ಟಕವನ್ನು ತಿರುಗಿಸಿ ಓದಿ, ಲಿವರ್‌ಪೂಲ್ ಎದುರು ಫುಲಮ್‌ನ ಸ್ಟ್ರೈಕರ್ ಮಿತ್ರೊವಿಚ್ ಏನು ತಾನೇ ಮಾಡಿಯಾನು ಎಂದು ಅವನನ್ನು ಬಿಟ್ಟುಬಿಟ್ಟೆ. ಆಗಸ್ಟ್ 6ರಂದು ಪಂದ್ಯ 2-2ರಲ್ಲಿ ಮುಗಿಯಿತು. ಫುಲಮ್‌ನ ಎರಡೂ ಗೋಲು ಮಿತ್ರೊವಿಚ್‌ನವು. ಪ್ಯಾಲೇಸ್ ಎದುರು 1-1, ಬಳಿಕ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 1-2. ಮೂರು ವಾರಗಳಲ್ಲಿ ಒಂದೂ ಕ್ಲೀನ್ ಶೀಟ್, ಅಂದರೆ ಗೋಲು ಬಿಟ್ಟುಕೊಡದ ಪಂದ್ಯ, ಇಲ್ಲ. ತಾಳ್ಮೆಗೆಟ್ಟು ಅಲೆಕ್ಸಾಂಡರ್-ಆರ್ನಲ್ಡ್‌ನನ್ನು ದಾವಣಗೆರೆಯ ಗೆಳೆಯನಿಗೆ ಟ್ರೇಡ್ ಮಾಡಿದೆ. ಮರುವಾರ ಲಿವರ್‌ಪೂಲ್ ಬೋರ್ನ್‌ಮತ್ ತಂಡವನ್ನು 9-0ರಿಂದ ಸೋಲಿಸಿತು, ಅದರಲ್ಲಿ ಒಂದು ಗೋಲು ಅಲೆಕ್ಸಾಂಡರ್-ಆರ್ನಲ್ಡ್‌ನದು. ಆ ರಾತ್ರಿ ಗೆಳೆಯನಿಂದ ಬಂದ ಸಂದೇಶದಲ್ಲಿ ಇದ್ದದ್ದು ಎರಡು ಕೈ ಜೋಡಿಸಿದ ಚಿತ್ರ ಮಾತ್ರ.

ಈ ಪ್ರಸಂಗದಲ್ಲಿ ನಾನು ಮಾಡಿದ್ದು ಎರಡು ಬೇರೆ ಬೇರೆ ತಪ್ಪು ಎಂಬುದು ಬಹಳ ತಡವಾಗಿ ಹೊಳೆಯಿತು. ಮೊದಲನೆಯದು, ಆಗಸ್ಟ್‌ನ ಬಣ್ಣಗಳನ್ನು ನಂಬಿದ್ದು. ಆ ಬಣ್ಣಗಳ ಹಿಂದೆ ಇರುವುದು ಹೆಚ್ಚಾಗಿ ಹಿಂದಿನ ಋತುವಿನ ನೆನಪು. ಆಟಗಾರರನ್ನು ಕೊಳ್ಳುವ, ಮಾರುವ ಅವಧಿ ಇನ್ನೂ ಮುಗಿದಿರುವುದಿಲ್ಲ, ತರಬೇತುದಾರರು ಬದಲಾಗಿರುತ್ತಾರೆ, ಬಡ್ತಿ ಪಡೆದು ಬಂದ ಮೂರು ತಂಡಗಳ ಬಗ್ಗೆ ಯಾರಿಗೂ ಖಚಿತವಾಗಿ ಏನೂ ತಿಳಿದಿರುವುದಿಲ್ಲ. 2022-23ರಲ್ಲಿ ಬಡ್ತಿ ಪಡೆದು ಬಂದ ಫುಲಮ್, ಬೋರ್ನ್‌ಮತ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೂರೂ ಉಳಿದುಕೊಂಡವು. ಮರುವರ್ಷ ಬಂದ ಲೂಟನ್, ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್ ಮೂರೂ ಕೆಳಗಿಳಿದವು. ಅದರ ಮರುವರ್ಷದ ಇಪ್ಸ್‌ವಿಚ್, ಲೆಸ್ಟರ್, ಸೌತಾಂಪ್ಟನ್‌ಗೂ ಅದೇ ಗತಿಯಾಯಿತು. ಆದರೆ ಜೂನ್‌ನ ಕೋಷ್ಟಕದಲ್ಲಿ ಈ ಒಂಬತ್ತೂ ತಂಡಗಳು ಎದುರಾಳಿಗಳ ಪಾಲಿಗೆ ಹೆಚ್ಚುಕಡಿಮೆ ಒಂದೇ ಹಸಿರಿನಲ್ಲಿದ್ದವು. 2025-26ರ ಮೊದಲ ವಾರ ಬಡ್ತಿ ಪಡೆದು ಬಂದಿದ್ದ ಸಂಡರ್‌ಲ್ಯಾಂಡ್ ತಂಡ ವೆಸ್ಟ್ ಹ್ಯಾಮ್ ಮೇಲೆ 3-0ರಿಂದ ಗೆದ್ದಾಗ ವೆಸ್ಟ್ ಹ್ಯಾಮ್‌ನ ಡಿಫೆಂಡರ್‌ಗಳನ್ನು ಹಸಿರು ನೋಡಿ ಆಯ್ದಿದ್ದ ಇಬ್ಬರು ನಮ್ಮ ಗುಂಪಿನಲ್ಲಿಯೇ ಇದ್ದರು.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ನಂಬಿದ ಕೋಷ್ಟಕವನ್ನು ಮೂರನೆಯ ವಾರಕ್ಕೇ ಮಡಚಿಟ್ಟೆ. ನಾಲ್ಕನೆಯ ಮನೆಯಲ್ಲಿ ತವರಿನಲ್ಲಿ ಬೋರ್ನ್‌ಮತ್ ಎಂದು ಬರೆದಿದ್ದದ್ದು ನನಗೂ ಕಾಣುತ್ತಿತ್ತು, ಗೆಳೆಯನಿಗೂ ಕಾಣುತ್ತಿತ್ತು. ಅಂಕಗಳ ಬರದಲ್ಲಿ ಕಂಗೆಟ್ಟಿದ್ದ ನಾನು ಹಿಂದಿನ ಮೂರು ವಾರ ನೋಡುತ್ತಿದ್ದೆ, ಅವನು ಮುಂದಿನ ಮೂರು ವಾರ ನೋಡುತ್ತಿದ್ದ. ಟ್ರೇಡ್ ಎಂಬುದು ನಡೆಯುವುದೇ ಈ ವ್ಯತ್ಯಾಸದ ಮೇಲೆ.

ಮರುವರ್ಷ ಅದೇ ಮದ್ದನ್ನು ನಾನು ಬೇರೊಬ್ಬನ ಮೇಲೆ ಪ್ರಯೋಗಿಸಿದೆ. 2023-24ರಲ್ಲಿ ನ್ಯೂಕಾಸಲ್‌ನ ಆರಂಭ ಆಸ್ಟನ್ ವಿಲಾ, ಹೊರಗೆ ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್, ಹೊರಗೆ ಬ್ರೈಟನ್ ಎಂದಿತ್ತು. ಮೊದಲ ಪಂದ್ಯವನ್ನು 5-1ರಿಂದ ಗೆದ್ದರೂ ಉಳಿದ ಮೂರನ್ನೂ ಸೋತ ತಂಡದ ಟ್ರಿಪ್ಪಿಯರ್, ಅಂದರೆ ಹಿಂದಿನ ಋತುವಿನಲ್ಲಿ ಡಿಫೆಂಡರ್‌ಗಳಲ್ಲೇ ಅತಿ ಹೆಚ್ಚು ಫ್ಯಾಂಟಸಿ ಅಂಕ ಗಳಿಸಿದ್ದವನು, ನಮ್ಮ ಲೀಗಿನಲ್ಲಿ ತನ್ನನ್ನು ಆಯ್ದಿದ್ದ ಯಜಮಾನನಿಗೆ ಒಂದೂ ಕ್ಲೀನ್ ಶೀಟ್ ತಂದುಕೊಟ್ಟಿರಲಿಲ್ಲ. ನನ್ನ ಬಳಿ ಬ್ರೈಟನ್‌ನ ಡಿಫೆಂಡರ್ ಎಸ್ತುಪಿನ್ಯಾನ್ ಇದ್ದ. ಬ್ರೈಟನ್ ಲೂಟನ್ ಮತ್ತು ವುಲ್ವ್ಸ್ ಮೇಲೆ ತಲಾ 4-1ರಿಂದ ಗೆದ್ದಿತ್ತು, ವುಲ್ವ್ಸ್ ವಿರುದ್ಧ ಅವನೇ ಒಂದು ಗೋಲು ಹೊಡೆದಿದ್ದ, ಆದ್ದರಿಂದ ಅವನ ಹೆಸರಿಗೆ ಆ ವಾರಗಳಲ್ಲಿ ಹೊಳಪಿತ್ತು. ಗೆದ್ದ ಪಂದ್ಯಗಳಲ್ಲಿಯೂ ಬ್ರೈಟನ್ ಪ್ರತಿಸಲ ಒಂದು ಗೋಲು ಬಿಟ್ಟುಕೊಟ್ಟಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ವರ್ಷ ಸೆಪ್ಟೆಂಬರ್ ಮೊದಲ ಭಾಗದಲ್ಲಿ ದೇಶದೇಶಗಳ ಪಂದ್ಯಗಳಿಗಾಗಿ ಲೀಗ್ ಎರಡು ವಾರ ನಿಂತಿತ್ತು, ಆಟವಿಲ್ಲದ ಆ ವಾರಾಂತ್ಯದಲ್ಲಿ ಎಲ್ಲರೂ ತಮ್ಮ ತಮ್ಮ ತಂಡದ ಮುಖ ನೋಡುತ್ತ ಕೊರಗುತ್ತಿದ್ದರು. ಆಗ ಟ್ರಿಪ್ಪಿಯರ್‌ನ ಯಜಮಾನನಿಗೆ ಫೋನ್ ಮಾಡಿ, “ಟ್ರಿಪ್ಪಿಯರ್ ಯಾಕೋ ಈ ಸಲ ಕೈ ಕೊಡ್ತಿದಾನಲ್ಲ ಮಾರಾಯ, ಎಸ್ತುಪಿನ್ಯಾನ್‌ನ ಕೊಡ್ತೀನಿ, ನಿನ್ನ ಒಬ್ಬ ಮಿಡ್‌ಫೀಲ್ಡರ್‌ಗೆ ನನ್ನ ಒಳ್ಳೇ ಮಿಡ್‌ಫೀಲ್ಡರ್‌ನೂ ಕೊಡ್ತೀನಿ” ಎಂದೆ. ಅವನು ಯೋಚಿಸಲು ಅರ್ಧ ದಿನವನ್ನೂ ತೆಗೆದುಕೊಳ್ಳಲಿಲ್ಲ.

ಮುಂದಿನ ಮೂರು ಪಂದ್ಯಗಳಲ್ಲಿ ನ್ಯೂಕಾಸಲ್ ಬ್ರೆಂಟ್‌ಫರ್ಡ್ ಮೇಲೆ 1-0, ಶೆಫೀಲ್ಡ್ ಯುನೈಟೆಡ್ ಮೇಲೆ 8-0, ಬರ್ನ್‌ಲಿ ಮೇಲೆ 2-0ರಿಂದ ಗೆದ್ದಿತು. ಎಂಟು ಗೋಲಿನ ಆ ಪಂದ್ಯದಲ್ಲಿ ಟ್ರಿಪ್ಪಿಯರ್‌ನದು ಮೂರು ಅಸಿಸ್ಟ್, ಅಂದರೆ ಮೂರು ಗೋಲಿಗೆ ಚೆಂಡು ಒದಗಿಸಿದವನು ಅವನೇ. ಅದೇ ಅವಧಿಯಲ್ಲಿ ಬ್ರೈಟನ್ ಎರಡು ಪಂದ್ಯ ಗೆದ್ದರೂ ಎರಡರಲ್ಲಿಯೂ ಒಂದೊಂದು ಗೋಲು ಬಿಟ್ಟಿತು, ಮೂರನೆಯದರಲ್ಲಿ ವಿಲಾ ಎದುರು ಆರು ಗೋಲು ತಿಂದಿತು. ಇದರಲ್ಲಿ ಅದೃಷ್ಟವೂ ಇತ್ತು, ಎಂಟು ಗೋಲನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಆದರೆ ಐದನೆಯ ವಾರದಿಂದ ನ್ಯೂಕಾಸಲ್‌ನ ಹಾದಿ ಸಮತಟ್ಟಾಗುತ್ತದೆ ಎಂಬುದನ್ನು ಜೂನ್‌ನಲ್ಲಿಯೇ ಬರೆದಿಟ್ಟುಕೊಂಡಿದ್ದೆ, ಅಷ್ಟರಮಟ್ಟಿಗೆ ಅದು ನನ್ನ ಬುದ್ಧಿ.

ಡಿಫೆಂಡರ್‌ಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗಳಿಗೆ ಕ್ಲೀನ್ ಶೀಟ್‌ನಿಂದ ನಾಲ್ಕು ಅಂಕ ಬರುತ್ತದೆ, ಎರಡು ಗೋಲು ಬಿಟ್ಟುಕೊಟ್ಟಾಗಲೆಲ್ಲ ಒಂದು ಅಂಕ ಹೋಗುತ್ತದೆ. ಅವರ ಅಂಕ ಹೆಚ್ಚಾಗಿ ನಿಂತಿರುವುದು ತಂಡದ ಮೇಲೆ ಮತ್ತು ಎದುರಾಳಿಯ ಮೇಲೆ. ಸ್ಟ್ರೈಕರ್‌ಗಳ ವಿಷಯದಲ್ಲಿ ಎದುರಾಳಿಯ ಹೆಸರು ಅಷ್ಟು ನೆಚ್ಚಿಕೊಳ್ಳುವಂಥದ್ದಲ್ಲ. ಗೋಲಿನ ಬಳಿ ಸದಾ ಚೆಂಡು ಸಿಗುವವನು, ಪೆನಾಲ್ಟಿ ಹೊಡೆಯುವವನು ಯಾರ ಎದುರಾದರೂ ಒಂದು ಗೋಲು ಕದಿಯುತ್ತಾನೆ. 2025ರ ಆಗಸ್ಟ್ 15ರಂದು ಲಿವರ್‌ಪೂಲ್‌ನ ಅಂಗಳದಲ್ಲಿ ಬೋರ್ನ್‌ಮತ್ 2-4ರಿಂದ ಸೋತಾಗ ಅದರ ಎರಡೂ ಗೋಲು ಸೆಮೆನ್ಯೊ ಹೊಡೆದಿದ್ದ, ಅದೂ ಋತುವಿನ ಮೊದಲ ಪಂದ್ಯ, ಕಡುಗೆಂಪು ಮನೆ. ಆದ್ದರಿಂದ ಡ್ರಾಫ್ಟ್‌ನ ಮೊದಲ ಆರೇಳು ಸುತ್ತುಗಳಲ್ಲಿ ನಾನು ಕೋಷ್ಟಕವನ್ನು ತೆರೆಯುವುದೇ ಇಲ್ಲ. ಹನ್ನೊಂದನೆಯ ಸುತ್ತಿನಿಂದಾಚೆ, ಹೇಗಿದ್ದರೂ ತಿಂಗಳೊಳಗೆ ಬಿಟ್ಟುಬಿಡಲಿರುವ ಡಿಫೆಂಡರ್‌ಗಳನ್ನೂ ಗೋಲ್‌ಕೀಪರ್‌ನನ್ನೂ ಆಯುವಾಗ ಮಾತ್ರ ಅದು ಮುಂದೆ ಇರುತ್ತದೆ.

ಕೆಂಪು ಆರಂಭವಿರುವ ತಂಡಗಳ ಮೇಲೆ ನನಗೆ ಈಚೆಗೆ ವಿಶೇಷ ಮಮತೆ. 2021-22ರಲ್ಲಿ ಆರ್ಸೆನಲ್ ಬ್ರೆಂಟ್‌ಫರ್ಡ್, ಚೆಲ್ಸಿ, ಸಿಟಿ ಮೂರೂ ತಂಡಗಳಿಗೆ ಸೋತು ಒಂದೂ ಗೋಲಿಲ್ಲದೆ ಪಟ್ಟಿಯ ತಳದಲ್ಲಿತ್ತು. ನಾಲ್ಕನೆಯ ಪಂದ್ಯದಲ್ಲಿ ರಾಮ್ಸ್‌ಡೇಲ್ ಗೋಲ್‌ಕೀಪರ್ ಆಗಿ ಬಂದ, ನಾರ್ವಿಚ್ ಮತ್ತು ಬರ್ನ್‌ಲಿ ಎದುರು ಎರಡು ಪಂದ್ಯ 1-0ರಿಂದ ಗೆದ್ದರು, ಋತು ಮುಗಿದಾಗ ತಂಡ ಐದನೆಯ ಸ್ಥಾನದಲ್ಲಿತ್ತು. 2024ರಲ್ಲಿ ಇಪ್ಸ್‌ವಿಚ್‌ಗೆ ಮೊದಲ ಎರಡು ಪಂದ್ಯ ಲಿವರ್‌ಪೂಲ್ ಮತ್ತು ಸಿಟಿ ಎದುರಿದ್ದದ್ದರಿಂದ ನಮ್ಮ ಲೀಗಿನಲ್ಲಿ ಅದರ ಸ್ಟ್ರೈಕರ್ ಡೆಲಾಪ್‌ನನ್ನು ಒಬ್ಬರೂ ಆಯಲಿಲ್ಲ. ಎರಡನೆಯ ವಾರ ಮುಗಿಯುವುದನ್ನೇ ಕಾದಿದ್ದು ವೇವರ್‌ನಲ್ಲಿ, ಅಂದರೆ ಯಾರ ತಂಡದಲ್ಲಿಯೂ ಇಲ್ಲದವರನ್ನು ಕೇಳುವ ಪಟ್ಟಿಯಲ್ಲಿ, ಅವನ ಹೆಸರು ಮೊದಲು ಬರೆದೆ. ಮೂರನೆಯ ವಾರ ಫುಲಮ್ ಎದುರು ಅವನ ಮೊದಲ ಗೋಲು ಬಂತು. ತಂಡ ಕೆಳಗಿಳಿದರೂ ಋತುವಿನಲ್ಲಿ ಅವನು 12 ಗೋಲು ಹೊಡೆದ. ಡ್ರಾಫ್ಟ್‌ನ ರಾತ್ರಿ ಅವನಿಗಾಗಿ ಒಂದು ಸುತ್ತನ್ನೂ ನಾನು ವ್ಯಯಿಸಿರಲಿಲ್ಲ.

ಇದಕ್ಕೆ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ಎಂಟೂ ಮಂದಿ ಮುಂದಿನ ಮನೆಗಳನ್ನು ನೋಡಲು ಕಲಿತರೆ ಟ್ರೇಡ್‌ನಲ್ಲಿ ಯಾರೂ ಏನನ್ನೂ ಬಿಟ್ಟುಕೊಡುವುದಿಲ್ಲ ಎಂದು ದಾವಣಗೆರೆಯವನು ವಾದಿಸುತ್ತಾನೆ. ನಮ್ಮ ಲೀಗಿನಲ್ಲಿ ಈಗಾಗಲೇ ಹಾಗೆ ಆಗತೊಡಗಿದೆ. ಕೆಂಪು ಆರಂಭದ ಆಟಗಾರನನ್ನು ಕೇಳಿದರೆ, “ಐದನೇ ವಾರದಿಂದ ಅವನಿಗೆ ಏನಿದೆ ಅಂತ ನಂಗೂ ಗೊತ್ತು ಕಣಪ್ಪ” ಎಂಬ ಉತ್ತರ ಬರುತ್ತದೆ. ಆದರೂ ಮೂರು ವಾರ ಸತತವಾಗಿ ಎರಡೆರಡು ಅಂಕ ನೋಡಿ, ಮೊದಲ ಪಂದ್ಯ ಶುಕ್ರವಾರ ರಾತ್ರಿ ಇರುವ ವಾರಗಳಲ್ಲಿ ನಮ್ಮ ಗಡಿಯಾರದ ಹನ್ನೊಂದು ಗಂಟೆಗೆ ಗಡುವು ಮುಗಿಯುವ ಹೊತ್ತಿನಲ್ಲಿ, ಗೊತ್ತಿದ್ದದ್ದನ್ನು ಗೊತ್ತಿದ್ದಂತೆಯೇ ಪಾಲಿಸುವವರು ನಮ್ಮಲ್ಲಿ ಇಬ್ಬರೋ ಮೂವರೋ ಇದ್ದಾರು. ಹಾಗಾಗಿ ನನ್ನ ಪುಸ್ತಕದಲ್ಲಿ ಆಟಗಾರರ ಹೆಸರಿನ ಎದುರು ಬಣ್ಣ ಬರೆಯುವುದನ್ನು ಬಿಟ್ಟಿದ್ದೇನೆ. ಹಾದಿ ತಿರುಗುವ ವಾರದ ಸಂಖ್ಯೆಯನ್ನು ಬರೆಯುತ್ತೇನೆ, ಅದರ ಪಕ್ಕದಲ್ಲಿ ಅವನು ಯಾರ ತಂಡದಲ್ಲಿದ್ದಾನೆ ಎಂಬುದನ್ನು, ಮತ್ತು ಆ ಯಜಮಾನ ಎಷ್ಟು ವಾರ ತಡೆದುಕೊಂಡಾನು ಎಂಬ ನನ್ನ ಅಂದಾಜನ್ನು. ದಾವಣಗೆರೆಯವನ ಹೆಸರಿನ ಪಕ್ಕದಲ್ಲಿ ಮಾತ್ರ ಆ ಮೂರನೆಯ ಕಲಂ ಪ್ರತಿವರ್ಷ ಖಾಲಿಯೇ ಉಳಿಯುತ್ತದೆ.