ಊರ ಪಕ್ಕದ ಕಾಡಿನಲ್ಲಿ ಕಳೆದುಹೋಗುವ ಕಷ್ಟ

ದೂರದ ಯಾವುದೋ ಹಿಮಪರ್ವತದಲ್ಲಿ ದಾರಿ ತಪ್ಪಿ ಮರಳಿ ಬಂದವನನ್ನು ಜನ ಸಾಹಸಿ ಎನ್ನುತ್ತಾರೆ. ಮಹಾನಗರದ ಪಕ್ಕದ ಕಾಡಿನಲ್ಲಿ ದಾರಿ ತಪ್ಪಿ ಮರಳಿ ಬಂದವನನ್ನು ‘ಇಷ್ಟು ಹೊತ್ತು ಎಲ್ಲಿದ್ದೆ?’ ಎಂದು ಕೇಳುತ್ತಾರೆ. ಬೀಳುವುದು, ಕಾಲು ಉಳುಕುವುದು, ನೀರು ಮುಗಿಯುವುದು, ಮಳೆಗೆ ಸಿಕ್ಕಿ ನಡುಗುವುದು ಎಲ್ಲವೂ ಎರಡು ಕಡೆ ಒಂದೇ ಬಗೆಯವಾದರೂ, ಮರಗಳ ಸಂದಿಯಿಂದ ಇಪ್ಪತ್ತೈದು ಮಹಡಿಯ ಕಟ್ಟಡವೊಂದು ಇಣುಕುತ್ತಿದ್ದರೆ ಆ ಕಷ್ಟಕ್ಕೆ ಸಲ್ಲಬೇಕಾದ ಗೌರವ ಸಲ್ಲುವುದಿಲ್ಲ. ವಾರಾಂತ್ಯದಲ್ಲಿ ಕಾಲುದಾರಿಗಳ ಮೇಲೆ ಓಡುವ, ಓಡಲಾಗದ ಕಡೆ ನಡೆಯುವ, ನಡೆಯಲೂ ಆಗದ ಕಡೆ ಕುಳಿತು ಪ್ರಕೃತಿಯನ್ನು ಆಸ್ವಾದಿಸುವಂತೆ ನಟಿಸುವ ನನ್ನಂಥವರ ಮುಖ್ಯ ದೂರು ಇದೇ.

ಮನೆಗೆ ಮರಳುವುದು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಯಿಂದಲೇ ತೊಂದರೆ ಆರಂಭವಾಗುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ: ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ; ಅದರ ಮೇಲೆ ಪ್ರತಿ 2,000 ಅಡಿ, ಅಂದರೆ ಸುಮಾರು 600 ಮೀಟರು ಏರಿಕೆಗೆ ಇನ್ನೊಂದು ಗಂಟೆ. ಇದರ ಪ್ರಕಾರ 25 ಕಿಲೋಮೀಟರು ಉದ್ದದ, 1,200 ಮೀಟರು ಏರಿಕೆಯ ದಾರಿಗೆ ಏಳು ಗಂಟೆ ಬೇಕು. ಆದರೆ ಇದು ನಡೆಯುವವರ ಲೆಕ್ಕ, ನಾವು ಓಡುವವರು ಎಂಬ ಹೆಮ್ಮೆಯಿಂದ ಅದನ್ನು ಅರ್ಧಕ್ಕಿಳಿಸಿ ‘ಹತ್ತು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ’ ಎಂದು ಹೇಳಿ ಹೊರಡುವುದು ಈ ಹವ್ಯಾಸದವರ ವಾಡಿಕೆ. ಷೂ ಒಳಗಿನ ಕಲ್ಲು ತೆಗೆಯಲು, ಹತ್ತು ಹೆಜ್ಜೆಯ ನಂತರ ಅದು ಕಲ್ಲಲ್ಲ, ಕಾಲುಚೀಲದ ಮಡಿಕೆ ಎಂದು ತಿಳಿದು ಮತ್ತೆ ಷೂ ಬಿಚ್ಚಲು ಬೇಕಾಗುವ ಸಮಯ ಯಾವ ಸೂತ್ರದಲ್ಲೂ ಇಲ್ಲ. ನನ್ನ ಮನೆಯವರು ಈಗ ನೈಸ್ಮಿತ್‌ನ ಹೆಸರು ಕೇಳಿದರೆ ಎದ್ದು ಹೋಗುತ್ತಾರೆ. ನಾನು ಹೇಳಿದ ಗಂಟೆಗಳನ್ನು ಸುಮ್ಮನೆ ಎರಡರಿಂದ ಗುಣಿಸಿಕೊಳ್ಳುತ್ತಾರೆ. ಬಂದ ಉತ್ತರ ನೈಸ್ಮಿತ್‌ನದಕ್ಕೆ ಬಹಳ ಹತ್ತಿರವಿರುತ್ತದೆ.

ಕೈಗಡಿಯಾರದ ಜಿಪಿಎಸ್ ಈ ವಿಷಯದಲ್ಲಿ ನಮ್ಮ ಪಕ್ಷ ವಹಿಸುತ್ತದೆ. ಉಪಗ್ರಹದ ಸಂಕೇತ ದಟ್ಟ ಎಲೆಗಳ ಕೆಳಗೆ ಕ್ಷೀಣಿಸುತ್ತದೆ, ಕಡಿದಾದ ಬಂಡೆಗೆ ಬಡಿದರೆ ಪ್ರತಿಫಲಿಸಿ ತಡವಾಗಿ ಬರುತ್ತದೆ. ಆಗ ಗಡಿಯಾರ ನಮ್ಮನ್ನು ಕಣಿವೆಯ ಆಚೆ ಬದಿಗೆ ಎಸೆದು ಮರುಕ್ಷಣ ಈಚೆಗೆ ಎಳೆದುಕೊಳ್ಳುತ್ತದೆ. ಬಂಡೆಯೊಂದರ ಬುಡದಲ್ಲಿ ಒರಗಿ ನಿಂತು ನಾನು ನೀರು ಕುಡಿಯುತ್ತಿದ್ದಾಗ ಅದು ನನ್ನ ಜೀವಮಾನದ ಅತ್ಯಂತ ವೇಗದ ಕಿಲೋಮೀಟರನ್ನು ದಾಖಲಿಸಿಕೊಂಡು ಸಂಭ್ರಮದಿಂದ ಕಂಪಿಸಿತು. ಆ ದಾಖಲೆಯನ್ನು ನಾನು ಇನ್ನೂ ಮುರಿದಿಲ್ಲ.

ದಾರಿ ತಪ್ಪುವುದಕ್ಕೆ ಮಾತ್ರ ವಿಜ್ಞಾನದ ಬೆಂಬಲವಿದೆ. ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರನ್ನು ಜರ್ಮನಿಯ ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಬಿಟ್ಟು ನೆಟ್ಟಗೆ ನಡೆಯಿರಿ ಎಂದು ಹೇಳಲಾಗಿತ್ತು. ಕಾಡಿನಲ್ಲಿ ಸೂರ್ಯ ಮೋಡದ ಹಿಂದೆ ಮರೆಯಾಗಿದ್ದಾಗ ನಡೆದವರು ತಮಗೆ ಅರಿವಿಲ್ಲದೆಯೇ ಸುತ್ತು ಹಾಕಿ ತಾವು ತುಳಿದ ಜಾಗವನ್ನೇ ಮತ್ತೆ ತುಳಿದರು. ಮೋಡ ಕವಿದ ಒಂದು ಬೆಳಿಗ್ಗೆ ನಾನೂ ಈ ಸಂಶೋಧನೆಗೆ ಸ್ವಯಂಸೇವಕನಾಗಿ ದುಡಿದೆ. ಸಂಶೋಧಕರ ಸ್ಥಾನದಲ್ಲಿ ಇದ್ದವರು ನಾಯಿಯನ್ನು ಅಡ್ಡಾಡಿಸಲು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು. ಮೊದಲ ಭೇಟಿಯಲ್ಲಿ ಅವರು ತಲೆಯಾಡಿಸಿದರು. ಎದುರು ದಿಕ್ಕಿನಿಂದ ಮತ್ತೆ ಕಾಣಿಸಿಕೊಂಡಾಗ ಮುಗುಳ್ನಕ್ಕರು. ಅದರ ಮುಂದಿನ ಸಲ ಎದ್ದು ನಿಂತು, ‘ಭೇಷ್! ಇನ್ನೂ ಎಷ್ಟು ಸುತ್ತು ಬಾಕಿ?’ ಎಂದು ಕೇಳಿದರು. ಹೊರಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆ ನನ್ನ ತುದಿನಾಲಿಗೆಯಲ್ಲಿತ್ತು. ಆದರೆ ಅಷ್ಟೊಂದು ಮೆಚ್ಚುಗೆಯ ಎದುರು ಅದನ್ನು ಕೇಳುವ ಧೈರ್ಯ ಯಾರಿಗಿದ್ದೀತು? ‘ದೇಹ ಸಹಕರಿಸಿದಷ್ಟು’ ಎಂದು ಹೇಳಿ ಇನ್ನೊಂದು ಸುತ್ತು ಹೊರಟೆ. ನಾಯಿ ಮಾತ್ರ ನನ್ನನ್ನು ಆರಂಭದಿಂದಲೂ ಅನುಮಾನದಿಂದಲೇ ನೋಡುತ್ತಿತ್ತು.

ಮೊಬೈಲು ಇತ್ತಲ್ಲ ಎಂದು ಕೇಳುವವರಿಗೆ ಬೆವರಿನ ಗುಣ ಗೊತ್ತಿಲ್ಲ. ಮೊಬೈಲಿನ ಪರದೆ ಬೆರಳನ್ನು ಗುರುತಿಸುವುದು ವಿದ್ಯುದಾವೇಶದ ಬದಲಾವಣೆಯಿಂದ, ಮತ್ತು ಬೆವರು ಉಪ್ಪುನೀರಾದ್ದರಿಂದ ಅದೂ ವಿದ್ಯುತ್ತಿಗೆ ಒಳ್ಳೆಯ ವಾಹಕ. ಪರಿಣಾಮವಾಗಿ, ನಕ್ಷೆ ತೆರೆಯಲು ಒದ್ದೆ ಬೆರಳಿನಿಂದ ಎಷ್ಟು ಒತ್ತಿದರೂ ಮಿಸುಕದ ಫೋನು ಒದ್ದೆ ಜೇಬಿನೊಳಗೆ ತನ್ನಷ್ಟಕ್ಕೆ ತಾನೇ ಕರೆ ಮಾಡಬಲ್ಲದು. ದೂರದ ಕಾಡಾಗಿದ್ದರೆ ಸಿಗ್ನಲ್ ಸಿಗದೆ ಮಾನ ಉಳಿಯುತ್ತಿತ್ತು. ಊರ ಪಕ್ಕದ ಕಾಡಿನಲ್ಲಿ ಸಿಗ್ನಲ್ ಸೊಗಸಾಗಿರುತ್ತದೆ. ಕಡಿದಾದ ಏರೊಂದರಲ್ಲಿ ನನ್ನ ಫೋನು ಕಚೇರಿಯ ಮೇಲಧಿಕಾರಿಗೆ ಕರೆ ಮಾಡಿ, ನನ್ನ ಏದುಸಿರನ್ನೂ, ಒಂದಷ್ಟು ನರಳಾಟವನ್ನೂ, ‘ಇದು ಯಾವಾಗ ಮುಗಿಯುತ್ತದೋ ದೇವರೇ’ ಎಂಬ ಉದ್ಗಾರವನ್ನೂ ಅವರಿಗೆ ಸವಿಸ್ತಾರವಾಗಿ ಕೇಳಿಸಿತು. ಸೋಮವಾರ ಅವರು ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿ, ಕೆಲಸದ ಒತ್ತಡ ಹೆಚ್ಚಾಗಿದ್ದರೆ ಸಂಕೋಚವಿಲ್ಲದೆ ಹೇಳಬೇಕೆಂದೂ, ಬೇಕಿದ್ದರೆ ಎರಡು ದಿನ ರಜೆ ತೆಗೆದುಕೊಳ್ಳಬಹುದೆಂದೂ ಮೃದುವಾಗಿ ಹೇಳಿದರು. ನಾನು ತೆಗೆದುಕೊಂಡೆ.

ಬೀಳುವ ವಿಷಯಕ್ಕೆ ಬಂದರೆ, ಕಠಿಣವಾದ ಇಳಿಜಾರಿನಲ್ಲಿ ಬೀಳುವವರು ಕಡಿಮೆ. ಅಲ್ಲಿ ಕಣ್ಣು, ಕಾಲು, ಪ್ರಾಣಭಯ ಮೂರೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಬೀಳುವುದು ಅದೆಲ್ಲ ಮುಗಿದು ದಾರಿ ಸಮತಟ್ಟಾದ ಮೇಲೆ, ದಣಿದ ಪಾದ ನೆಲದಿಂದ ಎರಡು ಬೆರಳಷ್ಟೂ ಮೇಲೇಳದಿರುವಾಗ, ಹೆಬ್ಬೆರಳ ಗಾತ್ರದ ಮರದ ಬೇರು ಅಡ್ಡ ಸಿಕ್ಕಾಗ. ದೂರದ ಬೆಟ್ಟ ನುಣ್ಣಗೆ ಎಂದು ಎಚ್ಚರಿಸಿದ ಹಿರಿಯರು ಹತ್ತಿರದ ನುಣ್ಣನೆಯ ದಾರಿಯ ಬಗ್ಗೆ ಏಕೆ ಸುಮ್ಮನಿದ್ದರೋ ತಿಳಿಯದು. ನಗರ ಸಮೀಪಿಸಿದಂತೆ ದಾರಿಯೂ ಸಮತಟ್ಟಾಗುತ್ತದೆ, ಜನರೂ ಹೆಚ್ಚುತ್ತಾರೆ. ಹೀಗಾಗಿ ಪ್ರೇಕ್ಷಕರ ಕೊರತೆ ಎಂದೂ ಆಗುವುದಿಲ್ಲ. ಚಾಪೆ ಹಾಸಿ ಕುಳಿತಿದ್ದ ಕುಟುಂಬವೊಂದರ ಎದುರಿಗೇ ನಾನು ಬೋರಲಾಗಿ ಬಿದ್ದಾಗ, ಐದಾರು ವರ್ಷದ ಹುಡುಗಿಯೊಬ್ಬಳು, ‘ಅಮ್ಮಾ, ಈ ಅಂಕಲ್‌ಗೆ ಓಡಲು ಬರುವುದಿಲ್ಲ’ ಎಂದು ಸ್ಪಷ್ಟವಾಗಿ ವರದಿ ಮಾಡಿದಳು. ‘ಹಾಗೆಲ್ಲ ಹೇಳಬಾರದು’ ಎಂದು ತಾಯಿ ಗದರಿದರೇ ಹೊರತು ಅದು ಸುಳ್ಳು ಎನ್ನಲಿಲ್ಲ.

ಮರಳುವ ಬಸ್ಸಿನಲ್ಲಿ ಒಂದು ಅನುಕೂಲವುಂಟು: ಮಂಡಿಯವರೆಗೆ ಕೆಸರು, ಬೆನ್ನ ಮೇಲೆ ಒಣಗಿದ ಬೆವರಿನ ಬಿಳಿಯ ಉಪ್ಪುಗೆರೆ ಇರುವವನ ಪಕ್ಕದ ಸೀಟು ಎಷ್ಟೇ ಜನಸಂದಣಿಯಿದ್ದರೂ ಖಾಲಿಯಿರುತ್ತದೆ. ಕೊನೆಗೊಮ್ಮೆ ಬೇರೆ ದಾರಿಯಿಲ್ಲದೆ ಅಲ್ಲಿ ಕುಳಿತ ಸಹಪ್ರಯಾಣಿಕರೊಬ್ಬರು, ನಾನು ಬೆಟ್ಟದ ಆ ಬದಿಯಿಂದ ಈ ಬದಿಗೆ 25 ಕಿಲೋಮೀಟರು ಓಡಿ ಬಂದ ವೃತ್ತಾಂತವನ್ನು ತಾಳ್ಮೆಯಿಂದ ಕೇಳಿ, ‘ಅಲ್ಲಿಂದ ಬಸ್ಸು ಇದೆಯಲ್ಲ?’ ಎಂದರು. ಈ ಕ್ರೀಡೆಯ ಇಡೀ ಇತಿಹಾಸದಲ್ಲಿ ಇದಕ್ಕೆ ಉತ್ತರವಿಲ್ಲ. 1974ರಲ್ಲಿ ಗಾರ್ಡಿ ಏನ್ಸ್ಲಿ ಎಂಬಾತ ಕ್ಯಾಲಿಫೋರ್ನಿಯಾದ ಪರ್ವತಗಳಲ್ಲಿ ನೂರು ಮೈಲಿಗಳ ಕುದುರೆ ಸವಾರಿಯ ಸ್ಪರ್ಧೆಯಲ್ಲಿ ಕುದುರೆಯಿಲ್ಲದೆ ಓಡಿ, 23 ಗಂಟೆ 42 ನಿಮಿಷದಲ್ಲಿ ಗುರಿ ಮುಟ್ಟಿದ; ಅವನನ್ನೂ ಈ ಸಹಪ್ರಯಾಣಿಕರು ‘ಕುದುರೆ ಇತ್ತಲ್ಲ?’ ಎಂದೇ ಕೇಳುತ್ತಿದ್ದರು. 2003ರಿಂದ ನಡೆಯುತ್ತಿರುವ ಮಾಂಟ್ ಬ್ಲಾಂಕ್ ಪರ್ವತದ ಸುತ್ತಣ ಓಟದಲ್ಲಿ ಜನ ಸುಮಾರು 170 ಕಿಲೋಮೀಟರು ಓಡಿ, ಹತ್ತು ಸಾವಿರ ಮೀಟರಿನಷ್ಟು ಏರಿಳಿದು, ಹೊರಟ ಊರಾದ ಶಾಮೊನಿಗೇ ಬಂದು ಸೇರುತ್ತಾರೆ. ಇದನ್ನು ಅವರಿಗೆ ಹೇಳದೆ ನಾನು ಕಿಟಕಿಯ ಹೊರಗೆ ನೋಡಿದೆ.

ನೋವಿನ ವಿಷಯದಲ್ಲೂ ನಗರವೇ ಗೆಲ್ಲುತ್ತದೆ. ಬೆಟ್ಟ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಸಂಕುಚಿಸಲು ಹೆಣಗುತ್ತಲೇ ಹಿಗ್ಗುತ್ತದೆ. ಆಗ ಅದರ ನಾರುಗಳಲ್ಲಿ ಆಗುವ ಸೂಕ್ಷ್ಮ ಗಾಯಗಳ ನೋವು ಕೂಡಲೇ ಬಾರದೆ ಒಂದರಿಂದ ಮೂರು ದಿನಗಳ ನಡುವೆ ಶಿಖರ ಮುಟ್ಟುತ್ತದೆ. ಅಂದರೆ ಭಾನುವಾರದ ಬೆಟ್ಟ ಸರಿಯಾಗಿ ಕಚೇರಿಯ ವೇಳೆಗೆ ಬಂದು ತಲುಪುತ್ತದೆ. ಮೆಟ್ಟಿಲು ಹತ್ತಲು ತೊಂದರೆಯಿಲ್ಲ, ಇಳಿಯಲು ಆಗದು. ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದರೆ ನೋವು ಕಡಿಮೆ ಎಂಬುದು ಅನುಭವಸ್ಥರೆಲ್ಲರಿಗೂ ಗೊತ್ತು. ಹಾಗೆ ಇಳಿಯುವವನು ಮೇಲಿನಿಂದ ಬರುವ ಪ್ರತಿಯೊಬ್ಬ ಸಹೋದ್ಯೋಗಿಯನ್ನೂ ಮುಖಾಮುಖಿ ನೋಡುತ್ತಲೇ ಹಿಂದೆ ಸರಿಯಬೇಕಾಗುತ್ತದೆ. ಒಬ್ಬರು ಗಾಬರಿಯಿಂದ ನನಗೆ ನಮಸ್ಕರಿಸಿದರು.

ಇನ್ನುಳಿದದ್ದು ಉಗುರು. ಇಳಿಜಾರಿನಲ್ಲಿ ಕಾಲ್ಬೆರಳು ಷೂ ತುದಿಗೆ ಮತ್ತೆ ಮತ್ತೆ ಬಡಿದು, ಉಗುರಿನ ಕೆಳಗೆ ರಕ್ತ ಕಟ್ಟಿ, ಅದು ಮೊದಲು ಕಪ್ಪಾಗುತ್ತದೆ, ಆಮೇಲೆ ಕೆಲವು ವಾರಗಳಲ್ಲಿ ಕಳಚಿಕೊಳ್ಳುತ್ತದೆ. ಹೆಬ್ಬೆರಳಿನಲ್ಲಿ ಹೊಸ ಉಗುರು ಪೂರ್ತಿ ಬೆಳೆಯಲು ಒಂದರಿಂದ ಒಂದೂವರೆ ವರ್ಷ ಬೇಕು. ಓಟದ ಸ್ಪರ್ಧೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ನನ್ನ ಬಲಗಾಲಿನದು ಈಗ ಅರ್ಧದಷ್ಟು ಬೆಳೆದಿದೆ. ಮುಂದಿನ ಓಟಕ್ಕೆ ಹೆಸರು ನೋಂದಾಯಿಸಿಯಾಗಿದೆ. ಉಗುರಿನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.