ಬೀಡಿಂಗ್ ಬಿಟ್ಟ ಪಿಕಪ್ಪು

ಹಳೆ ಪಿಕಪ್ಪಿನ ಕಿಟಕಿ ರಬ್ಬರ್, ಅಂದರೆ ಬೀಡಿಂಗ್, ಬಿಟ್ಟುಕೊಂಡದ್ದು ಡ್ರೈವರನಿಗೆ ಗೊತ್ತಾಗುವುದು ಕೊನೆಗೆ. ಮೊದಲು ಗೊತ್ತಾಗುವುದು ಪಕ್ಕದಲ್ಲಿ ಕೂತವರ ಎಡತೋಳಿಗೆ. ಧಾರವಾಡದ ಆಷಾಢದ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಹೊಡೆಯುವುದೇ ಹೆಚ್ಚು. ಸುಗ್ಗಿಯಲ್ಲಿ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೇರಿಕೊಂಡು ಹೊರಟರಂತೂ ಘಾಟಿಗೆ ಮಾತಿಗೊಂದು ಸೀನು. "ಏನ್ ಆಗೂದಿಲ್ರಿ ಅಣ್ಣಾರ, ಹಳೇ ಗಾಡಿ ಅಂದ್ರ ಹಿಂಗ" ಎಂದು ಡ್ರೈವರ್ ಸಂದಿಗೆ ಮಡಚಿದ ಬೆಂಕಿಪೊಟ್ಟಣ ತುರುಕುತ್ತಾನೆ. ಗಡಗಡ ಸದ್ದು ನಿಲ್ಲುತ್ತದೆ. ಗ್ಲಾಸೂ ನಿಲ್ಲುತ್ತದೆ, ಅರ್ಧಕ್ಕೆ.

ಎರಡನೇ ಔಷಧ ಫೆವಿಕ್ವಿಕ್. ರಬ್ಬರಿಗೆ ಬಾಗುವುದೇ ಕೆಲಸ, ಈ ಗಮ್ಮು ಒಣಗಿದರೆ ಗಾಜಿನ ಹಾಗೆ ಬಿರುಸು. ನಾಲ್ಕು ಸಲ ಬಾಗಿಲು ಬಡಿದರೆ ಗಮ್ಮು ಪುಡಿ, ಇಲ್ಲವೇ ರಬ್ಬರ್ ಹರಕು. ಹುಳಿ ವಾಸನೆ ಹೊಡೆಯುವ ಸಿಲಿಕೋನೂ ಬೇಡ. ಆ ಹುಳಿ ಬಣ್ಣವಿಲ್ಲದ ತಗಡಿಗೆ ತುಕ್ಕು ಹಿಡಿಸುತ್ತದೆ.

ಅಸಲು ಗೋಳು ಅಂಟಿನದಲ್ಲ, ಮಣ್ಣಿನದು. ಬಿಸಿಲಿಗೆ ರಬ್ಬರ್ ಕುಗ್ಗಿ ಮೇಲಿನ ಮೂಲೆಗಳಲ್ಲಿ ಬಿಟ್ಟುಕೊಳ್ಳುತ್ತದೆ. ಆ ಸಂದಿಗೆ ನವಲಗುಂದ ಕಡೆಯ ಎರೆಮಣ್ಣು ಹೊಕ್ಕಿತೋ, ತೊಯ್ದಾಗ ಉಬ್ಬಿ ರಬ್ಬರನ್ನು ಹೊರಗೆ ದಬ್ಬುತ್ತದೆ, ಒಣಗಿದಾಗ ಗ್ಲಾಸಿಗೆ ಗೀರು ಎಳೆಯುತ್ತದೆ. ಗ್ಲಾಸು ಬಿಗಿಯಾಯಿತೆಂದು ಇಂಜಿನ್ ಆಯಿಲ್ ಬಿಡುವ ಪುಣ್ಯಾತ್ಮರೂ ಇದ್ದಾರೆ. ಈ ರಬ್ಬರ್ ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ಜಾತಿಯದು, ಎಣ್ಣೆ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಜಾರಬೇಕೆಂದರೆ ಸಾಬೂನು ನೀರು ಅಥವಾ ಸಿಲಿಕೋನ್ ಸ್ಪ್ರೇ, ಅಷ್ಟೇ.

ಗ್ಲಾಸು ಪೂರ್ತಿ ಇಳಿಸಿ, ಬಿಟ್ಟ ಮೂಲೆಯಿಂದಲೇ ರಬ್ಬರ್ ಎಳೆದು ತೆಗೆಯಿರಿ. ಉಗುರಿನಿಂದ ಒತ್ತಿ ನೋಡಿ: ತಗ್ಗು ಮತ್ತೆ ಎದ್ದು ಬಂದರೆ ಅದೇ ನಡೆಯುತ್ತದೆ, ಬಿರುಕು ಬಿಟ್ಟರೆ ಹೊಸದು ತರಬೇಕು. ಅಂಗಡಿಗೆ ಹೋಗುವಾಗ ಹಳೆಯದರ ನಾಲ್ಕು ಇಂಚಿನ ತುಂಡು ಕಿಸೆಯಲ್ಲಿರಲಿ. ಬರೀ ಗಾಡಿ ಹೆಸರು ಹೇಳಿದರೆ "ಇದ ಕೂಡ್ತದ ತಗೋರಿ" ಎಂದು ಕೈಗೆ ಬಂದದ್ದನ್ನು ಕಟ್ಟಿಕೊಡುತ್ತಾರೆ. ರಬ್ಬರ್ ಕೂರುವ ತಗಡಿನ ಗಾಡಿ, ಅಂದರೆ ಚಾನೆಲ್ಲನ್ನು, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ, ಬಿಳಿ ಬಟ್ಟೆಗೆ ಕಪ್ಪು ಹತ್ತದಿರುವ ತನಕ ತಿಕ್ಕಬೇಕು. ಅರ್ಧ ದಿನದ ಕೆಲಸದಲ್ಲಿ ಬಹುಪಾಲು ಇದೇ. ತುಕ್ಕಿದ್ದರೆ 120 ನಂಬರಿನ ಪಾಲಿಶ್ ಕಾಗದ, ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ. ಥಿನ್ನರ್ ಆದರೆ ಬಣ್ಣವನ್ನೂ ಎಬ್ಬಿಸುತ್ತದೆ.

ಹೊಸ ರಬ್ಬರನ್ನು ಅಳತೆಗಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು ಉದ್ದವೇ ಕತ್ತರಿಸಿ. ಮೊದಲು ಮೂಲೆ ಕೂರಿಸಿ, ಆಮೇಲೆ ಮಧ್ಯದ್ದನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಎಳೆದು ಕೂರಿಸಿದರೆ ಕೆಲವೇ ದಿನದಲ್ಲಿ ತನ್ನ ಅಳತೆಗೆ ತಾನು ಹಿಂದಿರುಗಿ ಅದೇ ಮೂಲೆ ಬಿಡುತ್ತದೆ. ಚಾನೆಲ್ಲು ಹಿಡಿಯದಿದ್ದ ಕಡೆ ಮಾತ್ರ ರಬ್ಬರ್ ಅಂಟಿಸುವ ಗಮ್ಮು: ಎರಡೂ ಕಡೆ ತೆಳ್ಳಗೆ ಹಚ್ಚಿ, 10-15 ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದಾಗ ಒತ್ತಬೇಕು. ಗ್ಲಾಸು ಓಡುವ ತುಟಿಗೆ ಒಂದು ಹನಿಯೂ ತಾಗಬಾರದು. ಕೊನೆಗೆ ಗ್ಲಾಸು ಏರಿಸಿ ಒಂದು ದಿನ ಹಾಗೇ ಬಿಡಿ. ಕಷ್ಟದ ಹಂತ ಇದೇ, ಏಕೆಂದರೆ ಚಹಾ ಕುಡಿಯಲು ಬಂದವರೆಲ್ಲ "ಹೆಂಗ ಆಗೇತಿ ನೋಡೂಣು" ಎನ್ನುತ್ತ ಹ್ಯಾಂಡಲ್ ತಿರುಗಿಸುತ್ತಾರೆ.

ಮರುದಿನ ಹತ್ತರ ನೋಟು ಸಿಕ್ಕಿಸಿ ಗ್ಲಾಸು ಏರಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಡಿಲ. ಆಮೇಲೆ ಪೈಪಿನ ನೀರು, ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ. ಒಳಗೊಬ್ಬರು ಟಾರ್ಚ್ ಹಿಡಿದು ಕೂತಿರಲಿ. ಪ್ರೆಶರ್ ಗನ್ ಹೊಡೆದರೆ ಹೊಸ ಗಾಡಿಯೂ ಸೋರೀತು.

ಕಿಟಕಿ ಒಣಗಿದ್ದರೂ ಮ್ಯಾಟು ತೊಯ್ದರೆ ರಬ್ಬರಿನ ಮೇಲೆ ಸಿಟ್ಟು ಬೇಡ. ಗ್ಲಾಸಿನ ಹೊರಮೈ ನೀರು ಸ್ವಲ್ಪ ಬಾಗಿಲಿನೊಳಗೆ ಇಳಿಯುವುದು ಕಂಪನಿಯ ಲೆಕ್ಕದಲ್ಲೇ ಇದೆ, ಬುಡದ ತೂತುಗಳಿಂದ ಹೊರಹೋಗುವುದೂ. ಆ ತೂತಿನ ಮಣ್ಣನ್ನು ತಂತಿಯಿಂದ ಬಿಡಿಸಿ. ಆಮೇಲೂ ಸೋರಿದರೆ ಬಾಗಿಲಿನ ಪ್ಯಾಡ್ ಬಿಚ್ಚಿ: ಹಿಂದಿನ, ನೀರು ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಯಾರೋ ಸ್ಪೀಕರ್ ಕೂರಿಸಲು ಹರಿದಿರುತ್ತಾರೆ. ಅದನ್ನು ಮತ್ತೆ ಅಂಟಿಸಲು ಬ್ಯುಟೈಲ್ ಟೇಪು, ಅಂದರೆ ಮೆತ್ತನೆಯ ರಬ್ಬರಿನ ಅಂಟುಪಟ್ಟಿ ಬೇಕು.