ಹಣ್ಣಿನ ಯೋಗರ್ಟ್ ಸಕ್ಕರೆ ಕಾಯಿಲೆಗೆ ಒಳ್ಳೆಯದಾ? ಒಂದು ಸ್ಪಷ್ಟನೆ

ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಹಣ್ಣಿನ ಯೋಗರ್ಟ್ ಒಂದು ಕಪ್ ತಿಂದರೆ ಹಣ್ಣೂ ಆಯಿತು, ಮೊಸರೂ ಆಯಿತು. ಲೋ ಫ್ಯಾಟ್ ಇರುವುದರಿಂದ ಸಕ್ಕರೆ ಕಾಯಿಲೆಯವರೂ ದಿನಾ ತಿನ್ನಬಹುದು.'

ಇದು ಅರ್ಧ ಮಾತ್ರ ನಿಜ. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಇರುವುದು ಹೌದು. ಆದರೆ ಲೋ ಫ್ಯಾಟ್ ಅಂದರೆ ಕೊಬ್ಬು ಕಡಿಮೆ ಅಂತ ಅಷ್ಟೇ, ಸಕ್ಕರೆ ಕಡಿಮೆ ಅಂತಲ್ಲ.

ಕಪ್ಪಿನ ಮುಂದಿನ ಸ್ಟ್ರಾಬೆರಿ ಚಿತ್ರ ಬಿಡಿ, ಹಿಂದೆ ತಿರುಗಿಸಿ. ಸಾದಾ ಮೊಸರಿನಲ್ಲೂ 100 ಗ್ರಾಂಗೆ ಸುಮಾರು 4–5 ಗ್ರಾಂ ಹಾಲಿನದೇ ಸಕ್ಕರೆ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಲೇಬಲ್‌ನಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ 14 ಗ್ರಾಂ ಅಂತಿದ್ದರೆ, ಉಳಿದ 9–10 ಗ್ರಾಂ ಬಹುಪಾಲು ಮೇಲಿಂದ ಹಾಕಿದ್ದು. ಎರಡು ಚಮಚಕ್ಕಿಂತ ಜಾಸ್ತಿ! ಸೇರಿಸಿದ ಸಕ್ಕರೆಯನ್ನು ಬೇರೆಯಾಗಿಯೂ ಬರೆದಿರುತ್ತಾರೆ, ಅದನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ಇಂಥ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು.

ಹಣ್ಣು ಎಷ್ಟಿದೆ? ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯುತ್ತಾರೆ. ಹಣ್ಣಿಗಿಂತ ಮೊದಲು ಸಕ್ಕರೆ ಬಂದರೆ ಗೊತ್ತಾಯಿತಲ್ವಾ?

ಹಾಗಂತ ಅದು ವಿಷವೇನಲ್ಲ. ಐಸ್‌ಕ್ರೀಮ್ ತಿಂದಂತೆ ಯಾವಾಗಾದರೂ ತಿನ್ನಿ. ದಿನಾ ಬೇಕಿದ್ದರೆ ರೊಟ್ಟಿ ಜೊತೆಗಿನ ಮೊಸರಿಗೇ ನಾಲ್ಕು ದಾಳಿಂಬೆ ಕಾಳು ಹಾಕಿಕೊಳ್ಳಿ. ನಮ್ಮಲ್ಲಿ ಅದಕ್ಕೇನು ಬರವೇ? ಸಕ್ಕರೆ ಕಾಯಿಲೆ ಇರುವವರು ಹಣ್ಣಿನ ಪ್ರಮಾಣವನ್ನು ವೈದ್ಯರನ್ನು ಕೇಳಿಕೊಳ್ಳಿ.